ಗೋಡೆ ಒಡೆದವನ ಲೆಕ್ಕ

ಈ ಗೋಡೆ ಎಬ್ಬಿಸಿದವರಲ್ಲಿ ನಾನೂ ಒಬ್ಬ.
ಹದಿನಾಲ್ಕು ವರ್ಷದ ಹಿಂದೆ, ಕೆಂಗೇರಿಯ ಆಚೆ, ಇದೇ ತಿರುವಿನಲ್ಲಿ
ಬಾಡಿಗೆ ಜೆಸಿಬಿಯಿಂದ ಹೊಳೆಯ ಎರಡೂ ಪಕ್ಕೆ ಕೆರೆದು
ತಿರುವೇ ಇಲ್ಲದ ಹಾಗೆ ಮಾಡಿದ್ದೆ.
ಮೇಸ್ತ್ರಿ ಸೀಬಯ್ಯ ದಾರ ಎಳೆದು, ಒಂದು ಕಣ್ಣು ಮುಚ್ಚಿ
‘ಹಾವಿಗೂ ಹೊರಳೋಕೆ ಜಾಗ ಇರಬಾರದು ನೋಡು’ ಅಂದಿದ್ದ.
ಇರಲಿಲ್ಲ.

ಸೇತುವೆಯ ಬೋರ್ಡಿನಲ್ಲಿ ವೃಷಭಾವತಿ.
ನಮ್ಮ ಬಾಯಲ್ಲಿ ಮೋರಿ.
ಕಂಡಕ್ಟರೂ ಅಷ್ಟೇ: ‘ಮೋರಿ, ಮೋರಿ, ಬೇಗ ಇಳೀರಿ.’
ಹೆಸರು ಹೋದ ಮೇಲೆ ನೀರಿಗೂ
ಯಾರ ಹಂಗೂ ಉಳಿಯಲಿಲ್ಲ.
ನೊರೆ ಉಗುಳುತ್ತ ಓಡಿತು,
ಕೂತು ಸುಧಾರಿಸಿಕೊಳ್ಳಲು ಒಂದು ಜಗಲಿಯೂ ಸಿಗದವಳ ಹಾಗೆ.

ಓಡಿದ್ದು ಎಲ್ಲಿಗೆ?
ಕೆಳಬೀದಿಯ ನಸೀಬುನ್ನೀಸಾಳ ಟೈಲರಂಗಡಿಗೆ.
ಸೆಪ್ಟೆಂಬರಿನ ಒಂದು ರಾತ್ರಿ, ಒಂದೂವರೆ ಗಂಟೆಯ ಮಳೆ.
ಮದುವೆಯ ಮೂರು ರವಿಕೆ, ಹೊಲಿಗೆ ಮಿಷಿನ್ನು,
ಊರ ಹೆಂಗಸರ ಅಳತೆಯೆಲ್ಲ ಇದ್ದ ನೋಟ್‌ಬುಕ್ಕು
ಸೊಂಟದ ಮಟ್ಟದ ಕೊಚ್ಚೆಯಲ್ಲಿ.
ಬೆಳಿಗ್ಗೆ ಗೋಡೆಯ ಕಲೆಗೆ ಟೇಪು ಹಿಡಿದು
‘ಮೂವತ್ತೆಂಟು ಇಂಚು, ಬರ್ಕೊಳ್ಳಿ’ ಅಂದಳು.
ನಾನು ಬರೆದುಕೊಳ್ಳಲಿಲ್ಲ.
ಮರೆಯಲೂ ಇಲ್ಲ.

ಈಗ ವಾರಿಜಾ ಮೇಡಂ ಬಂದು
ನನ್ನ ಬಕೆಟ್ಟಿನ ಮೇಲೇ ನಕ್ಷೆ ಹರಡುತ್ತಾರೆ:
ಗೋಡೆ ತೆಗೀರಿ, ದಡ ಇಳಿಜಾರಾಗಲಿ,
ಇಲ್ಲಿ ಡೊಂಕು, ಅಲ್ಲೊಂದು ತಗ್ಗು,
ಜಾಸ್ತಿ ಬಂದ ನೀರು ಎರಡು ದಿನ ಕೂತು ಹೋಗಲಿ.
ಡೊಂಕು ಮಾಡೋಕೂ ಬಿಲ್ಲು ಪಾಸಾಗುತ್ತಾ!
ಸೀಬಯ್ಯ ಬದುಕಿದ್ದರೆ ಬೀಡಿ ಕೆಳಗೆ ಬೀಳುವಂತೆ ನಗುತ್ತಿದ್ದ.

ಕಾಂಕ್ರೀಟು ಸುಲಭಕ್ಕೆ ಬಿಡಲಿಲ್ಲ.
ಅಷ್ಟು ಚೆನ್ನಾಗಿ ಕಟ್ಟಿದ್ದೆವು.
ಬ್ರೇಕರಿನ ಒಂದೊಂದು ಹೊಡೆತವೂ
ಸೀಟಿನಿಂದ ಹತ್ತಿ ನನ್ನ ಹಲ್ಲಿಗೇ ಬಂತು.
ಗೋಡೆಯ ಹಿಂದೆ ಮಣ್ಣು,
ಕಪ್ಪಗೆ, ತಣ್ಣಗೆ,
ಮುಷ್ಟಿಯಲ್ಲಿ ಹಿಡಿದರೆ ಬೆರಳಿನ ಗುರುತು ಉಳಿಸಿಕೊಳ್ಳುವಂಥದ್ದು.

ನೆಡಲು ಬಂದ ಐವರಲ್ಲಿ ದ್ಯಾವಮ್ಮನೇ ಹಿರಿಯಳು.
ತೆಂಗಿನ ನಾರಿನ ಚಾಪೆ ಹಾಸಿ, ತೂತು ಮಾಡಿ,
ನೀರಿನಂಚಿಗೆ ಜೊಂಡು, ಅದರ ಮೇಲೆ ಲಾವಂಚ,
ಇನ್ನೂ ಮೇಲೆ ಲಕ್ಕಿ, ಹೊಂಗೆ, ಹೊಳೆಮತ್ತಿ.
ಮಧ್ಯಾಹ್ನ ಮುದ್ದೆ ಮುರಿಯುತ್ತ ಹೇಳಿದಳು:
ಅವಳ ತಾತ ನೀರುಗಂಟಿ,
ಕೆರೆ ತುಂಬಿದ ದಿನ ತೂಬಿನ ಬಳಿ ನಿಂತು
ನೆಂಟರನ್ನು ಕೇಳುವ ಹಾಗೆ ನೀರನ್ನೇ ಕೇಳುತ್ತಿದ್ದನಂತೆ,
‘ಎಷ್ಟು ಜನ ಬಂದಿದೀರಿ? ಎಲ್ಲಿ ಮಲಗ್ತೀರಿ?’

ನಾವು ಕೇಳಿರಲೇ ಇಲ್ಲ.

ಮೊದಲು ಬಂದದ್ದು ಏರೋಪ್ಲೇನ್ ಚಿಟ್ಟೆ.
ಆಮೇಲೆ ಒಂದು ಹುಂಡುಕೋಳಿ, ಬಾಡಿಗೆ ಮನೆ ನೋಡಲು ಬಂದವರಂತೆ
ಜೊಂಡಿನೊಳಗೆ ಇಣುಕಿ, ಹೊರಗೆ ಬಂದು, ಮತ್ತೆ ಇಣುಕಿ.
ನೊರೆ ಇನ್ನೂ ಇದೆ. ಮೇಲಿನ ಕಾರ್ಖಾನೆಗಳು
ರಾತ್ರಿ ಹನ್ನೊಂದರ ಮೇಲೆ ಬಿಡುವುದು ಬಿಟ್ಟಿಲ್ಲ.
ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ.

ಅಕ್ಟೋಬರಿನಲ್ಲಿ ಮತ್ತೆ ಅದೇ ಜಾತಿಯ ಮಳೆ.
ನಿದ್ದೆ ಬರದೆ ಎರಡು ಗಂಟೆಗೆ ಟಾರ್ಚು ಹಿಡಿದು ಹೋದೆ.
ಗೋಡೆಯಿದ್ದ ಜಾಗದಲ್ಲಿ ನೀರು ಅಗಲವಾಗಿ ಕಾಲು ಚಾಚಿ
ತಗ್ಗಿನಲ್ಲಿ ಕೂತಿತ್ತು,
ಜೊಂಡೆಲ್ಲ ಒಂದೇ ಕಡೆ ಬಾಗಿತ್ತು, ಕಿತ್ತುಬಂದಿರಲಿಲ್ಲ.
ನಸೀಬುನ್ನೀಸಾ ಮೆಟ್ಟಿಲ ಮೇಲೆ, ಕೊರಳಲ್ಲಿ ಟೇಪು:
‘ಹೊಸಿಲಿಗೆ ನಾಲ್ಕು ಇಂಚು ಕಮ್ಮಿ. ಇನ್ನೂ ನಂಬಿಕೆ ಇಲ್ಲ ನನಗೆ.’
ಮಿಷಿನ್ನು ಇನ್ನೂ ಟೇಬಲ್ಲಿನ ಮೇಲೆಯೇ ಇತ್ತು.

ಬೆಳಿಗ್ಗೆ ಗಾಡಿ ಸ್ಟಾರ್ಟು ಮಾಡಲು ಹೋದರೆ
ಬಕೆಟ್ಟಿನಲ್ಲಿ, ರಾತ್ರಿಯ ಹೂಳಿನ ಮೇಲೆ,
ಸುರುಳಿ ಸುತ್ತಿ ಒಂದು ನೀರುಹಾವು.
ಕೀಲಿ ತಿರುಗಿಸಲಿಲ್ಲ. ಬೀಡಿ ಹಚ್ಚಿದೆ.
ಬಾಡಿಗೆ ಗಂಟೆಗೆ ಸಾವಿರದ ನೂರು.
ಹೊರಳಿಕೊಳ್ಳಲಿ.