ತಿದ್ದುಪಡಿ ಪತ್ರ

ಹಗಲು ಮಾನ್ವಿಯ ನೋಂದಣಿ ಕಚೇರಿ ಮುಂದೆ
ಬೇವಿನ ಕೆಳಗೆ ಬಾಂಡು ಬರೆಯುತ್ತೇನೆ,
ರಾತ್ರಿ ಅದೇ ಪೆನ್ನಿನಲ್ಲಿ ನಾಟಕ.
ಹನ್ನೊಂದು ಬರೆದಿದ್ದೇನೆ. ಹನ್ನೊಂದರಲ್ಲೂ ಖಳ ಒಬ್ಬನೇ:
ಕೆಂಪು ಕಣ್ಣು, ಕಾಡಿಗೆಯ ಮೀಸೆ,
ಹಾರ್ಮೋನಿಯಂ ನಿಂತ ಮೇಲೂ ನಿಲ್ಲದ ನಗು.

ಹನ್ನೆರಡನೆಯದಕ್ಕೆ ಮನಶ್ಶಾಸ್ತ್ರ ಓದಿದೆ.
ರಾಯಚೂರಿನ ಹಳೇ ಪುಸ್ತಕದಂಗಡಿಯಲ್ಲಿ
ರಟ್ಟು ಹೋದ ಬಿ.ಎಡ್. ಪಠ್ಯ, ನಲವತ್ತು ರೂಪಾಯಿ.
ಪ್ರತಿ ಕ್ರೌರ್ಯದ ಹಿಂದೊಂದು ಗಾಯ, ಎಂದಿತು.
ಸರಿ, ಕೊಟ್ಟೆ ಗಾಯ.
ಮಲತಾಯಿ ಕೊಟ್ಟೆ, ಬೆನ್ನಿಗೆ ಕಾದ ಸೌಟಿನ ಬರೆ ಕೊಟ್ಟೆ,
ಏಳನೇ ವಯಸ್ಸಿಗೆ ಸತ್ತ ಮೇಕೆಮರಿಯನ್ನೂ ಕೊಟ್ಟೆ.

ಪಂಕ್ಚರ್ ಅಂಗಡಿಯ ಮೌಲಪ್ಪ, ಇಪ್ಪತ್ತು ವರ್ಷದಿಂದ ನಮ್ಮ ಖಳ,
ತಾಲೀಮಿನ ನಡುವೆ ಹಾಳೆ ಮಡಚಿ ಕೂತ.
"ಸರ, ಎರಡನೇ ಅಂಕದಾಗ ನನ್ನ ನೋಡಿ ಅತ್ತ ಮಂದಿ
ಮೂರನೇದರಾಗ ಚಪ್ಪಲಿ ಒಗೀತಾರೇನ್ರಿ?
ನಮ್ಮಪ್ಪನೂ ನನಗ ಬರೆ ಹಾಕ್ಯಾನ.
ನಾ ಯಾರ ಮನಿಗಿ ಬೆಂಕಿ ಇಟ್ಟೀನಿ?
ಆ ಮೇಕಿಮರಿ ತಗೀರಿ."

ತೆಗೆದೆ. ಬರೆ ತೆಗೆದೆ, ಮಲತಾಯಿಯನ್ನು ಕಳಿಸಿದೆ.
ಉಳಿದದ್ದು ರಂಗದ ನಡುವೆ ಒಂದು ಖಾಲಿ ಕುರ್ಚಿ.
ಮೂರು ರಾತ್ರಿ ಅದನ್ನೇ ನೋಡುತ್ತ ಕೂತೆ.
ನಾಲ್ಕನೆಯ ರಾತ್ರಿ ಅವನು ಬಂದು ಕೂತ,
ಇಸ್ತ್ರಿಯ ಬಿಳಿ ಅಂಗಿ, ಮೆತ್ತನೆ ದನಿ.

ಆರು ವರ್ಷದ ಹಿಂದೆ, ಒಂದು ಶುಕ್ರವಾರ,
ಅಣ್ಣನ ಹೆಂಡತಿ ದುರುಗಮ್ಮನನ್ನು ಕರೆತಂದಿದ್ದ.
ಅಣ್ಣ ತೀರಿ ತಿಂಗಳೂ ತುಂಬಿರಲಿಲ್ಲ.
ಆಕೆಗೆ ಕೊಡೆ ಹಿಡಿದ. ಗೋಲಿಸೋಡಾ ತರಿಸಿ
ಮೂಗಿಗೆ ಹತ್ತೀತೆಂದು ನೊರೆ ಇಳಿಯುವತನಕ ಕಾದು ಕೊಟ್ಟ.
ಆಕೆ ಯಾವ ಮಾತಿಗೆ ಅಳುತ್ತಾಳೆ, ಯಾವ ಹೆಸರಿಗೆ ಸುಮ್ಮನಾಗುತ್ತಾಳೆ,
ಅವನಿಗೆ ಬಾಯಿಪಾಠ.
ಹಕ್ಕುಬಿಡುಗಡೆ ಪತ್ರ. ಹೆಬ್ಬೆಟ್ಟು ಒತ್ತಿಸಿದ.
ತನ್ನ ಕರ್ಚೀಫಿನಿಂದ ಅದರ ಮಸಿ ಒರೆಸಿದ.

ಹನ್ನೆರಡು ಗುಂಟೆ, ಬರೀ ಗರಸು.
ಕಾಲುವೆ ನೀರುಣ್ಣುವ ನಲವತ್ತು ಎಕರೆ ಅವನದೇ ಇತ್ತು.
"ಇದ್ಯಾಕ ಬೇಕಾಗಿತ್ರಿ ನಿಮಗ?"
ನನ್ನ ಮುನ್ನೂರು ಎಣಿಸಿಕೊಳ್ಳುತ್ತ ಕೇಳಿದ್ದೆ.
"ಬೇಕಿರಲಿಲ್ಲ," ಅಂದ.
"ಕೊಡತಾಳೇನು ಅಂತ ನೋಡಬೇಕಿತ್ತು."

ಹಸಿವೆಯೇ ಇಲ್ಲದೆ ತಿನ್ನುವ ಬಾಯಿ.
ನನ್ನ ನಲವತ್ತು ರೂಪಾಯಿಯ ಪುಸ್ತಕದಲ್ಲಿ ಅದಿರಲಿಲ್ಲ.
ಮೀಸೆ ಬೋಳಿಸಿದೆ, ನಗು ಹೊಡೆದುಹಾಕಿದೆ.
ಮಗುವಿನ ಅಳು ಕೇಳಿ ಹಸಿವೋ ನೋವೋ ಎಂದು
ತಾಯಿ ತಿಳಿಯುತ್ತಾಳಲ್ಲ,
ಅಷ್ಟೇ ನಿಖರವಾದ ಕಿವಿ ಅವನಿಗೆ ಇಟ್ಟೆ.
ಎದೆಯಲ್ಲಿ ಹಾಲು ಮಾತ್ರ ಇಡಲಿಲ್ಲ.
ಮೌಲಪ್ಪ ಓದಿದ. ತುಟಿಯಲ್ಲಿದ್ದ ಬೀಡಿ
ಹಚ್ಚುವುದ ಮರೆತ.

ಯುಗಾದಿಯ ಮರುದಿನ, ಪೋತ್ನಾಳದ ಶಾಲೆ ಮೈದಾನ.
ಚಪ್ಪಲಿ ಬೀಳಲಿಲ್ಲ. ಯಾರೂ ಕೆಮ್ಮಲಿಲ್ಲ.
ಒಬ್ಬ ಮುದುಕಿ ಎದ್ದು, ಚಾಪೆ ಸುತ್ತಿಕೊಂಡು,
ಹಿಂದಿರುಗಿ ನೋಡದೆ ಹೋದಳು.
ಆ ವಾರವೆಲ್ಲ ಹೆಂಡತಿ ಮೌಲಪ್ಪನಿಗೆ
ರೊಟ್ಟಿ ಕೈಗೆ ಕೊಡಲಿಲ್ಲವಂತೆ,
ತಾಟಿನಲ್ಲಿಟ್ಟು ಸರಿಯುತ್ತಿದ್ದಳಂತೆ.

ಆ ರಾತ್ರಿಯೇ, ಕೊಬ್ಬರಿಎಣ್ಣೆ ಹಚ್ಚಿ ಬಣ್ಣ ತೆಗೆಯುವಾಗ,
ಪರದೆ ಸರಿಸಿ ಅವನು ಒಳಬಂದ.
ಎರಡೂ ಕೈಯಲ್ಲಿ ನನ್ನ ಕೈ ಹಿಡಿದ. ಬೆಚ್ಚಗಿತ್ತು.
"ಛಲೋ ಬರ್ದೀರಿ ಸರ. ಒಂದೇ ತಪ್ಪು.
ಕರ್ಚೀಫ್ ಅಲ್ಲ.
ಆಕೀ ಸೆರಗಿಲೇ ಒರೆಸಿದ್ದೆ."

ಹೌದು. ಸೆರಗಿನ ಅಂಚಿಗೆ ನೀಲಿ ಕಲೆ;
ನಾನೇ ಕಂಡಿದ್ದೆ.
ಆರು ವರ್ಷದಲ್ಲಿ ನನ್ನ ನೆನಪು, ಹೇಳದೆ ಕೇಳದೆ,
ಅವನಿಗೊಂದು ಕರ್ಚೀಫು ಹೊಲಿದು ಕೊಟ್ಟಿತ್ತು.

ಎರಡನೇ ಪ್ರಯೋಗಕ್ಕೆ ತಿದ್ದಿದೆ.
ದೃಶ್ಯ ಇನ್ನೂ ಚೆನ್ನಾಗಿ ಬಂತು.