ಮೂರನೇ ವಾರ್ಡಿನ ನಡಾವಳಿ

ಹನ್ನೊಂದು ವರ್ಷದಿಂದ ನಗರಸಭೆಯ ನಡಾವಳಿ ಬರೆಯುವವಳು ನಾನು.
ಕೈ ಎತ್ತಿದವರ ಹೆಸರು, ಎತ್ತದವರ ಹೆಸರು,
ಮಂಡಿಸಿದವರು, ಅನುಮೋದಿಸಿದವರು, ಮುಂದೂಡಿದವರು.
ಕೆಮ್ಮಿದವರನ್ನು ಬರೆಯುವ ಹಾಗಿಲ್ಲ.
ಕಿಟಕಿಯಾಚೆ ಸುಪೀರಿಯರ್ ಸರೋವರ
ದಡದಿಂದ ಒಳಕ್ಕೆ ಹೆಪ್ಪುಗಟ್ಟುತ್ತ ಹೋಗುವುದನ್ನೂ.

ಐಲಾ ಕೊಸ್ಕೆಲಾ, ಮೂರನೇ ವಾರ್ಡು.
ಎರಡನೇ ಸಲ ನಿಂತಿದ್ದಾಳೆ.
ಅವಳ ಕರಪತ್ರ ನನ್ನ ಅಂಚೆಪೆಟ್ಟಿಗೆಗೂ ಬಿತ್ತು:
'ನಾಲ್ಕು ವರ್ಷ, ಮೂವತ್ತೊಂದು ನಿರ್ಣಯ.'
ಎಣಿಸಿದೆ. ಇಪ್ಪತ್ತೊಂಬತ್ತು.
ಇನ್ನೆರಡು ಬೇರೆಯವರು ಮಂಡಿಸಿದ್ದು, ಇವಳು ತಲೆಯಾಡಿಸಿದ್ದು.
ಇರಲಿ. ಮೀನು ಹಿಡಿದವರ ಲೆಕ್ಕವೂ ಹೀಗೇ,
ದೋಣಿಯಿಂದ ಮನೆ ಮುಟ್ಟುವಷ್ಟರಲ್ಲಿ ಎರಡು ಹೆಚ್ಚು.

ಸೀಸದ ಕೊಳವೆ ತೆಗೆಸಿದ್ದು ನಿಜ.
ಬಂದರಿನ ಮೇಲಿನ ಏರಿನಲ್ಲಿ ಎಪ್ಪತ್ತಾರು ಮನೆ,
ಮಕ್ಕಳು ಈಗ ನಲ್ಲಿಗೇ ಬಾಯಿಟ್ಟು ಕುಡಿಯುತ್ತವೆ.
ಕೊಳವೆಯ ತುಂಡೊಂದನ್ನು ಹಳೆಯ ಟವೆಲಿನಲ್ಲಿ ಸುತ್ತಿ
ಸಭೆಗೆ ತಂದಿದ್ದಳು, ಹಸುಗೂಸನ್ನು ಎತ್ತಿಕೊಂಡ ಹಾಗೆ.
ಮೇಜಿನ ಮೇಲಿಟ್ಟಾಗ ದಡ್ ಎಂದಿತು.
ಒಂಬತ್ತು ತಲೆ ಒಟ್ಟಿಗೆ ಎದ್ದವು.
ನಡಾವಳಿಯಲ್ಲಿ, 'ಸದಸ್ಯೆ ಮಾದರಿಯೊಂದನ್ನು ಪ್ರದರ್ಶಿಸಿದರು' ಎಂದಿದೆ.
ಸದ್ದು ಇಲ್ಲ.

ಬಾಡಿಗೆ ಮನೆಯ ಹೀಟರು ಕೆಟ್ಟರೆ
ಒಂದೇ ದಿನದಲ್ಲಿ ಮಾಲೀಕ ಸರಿಮಾಡಿಸಬೇಕು: ಆರಕ್ಕೆ ಮೂರು,
ರಾತ್ರಿ ಹನ್ನೊಂದೂವರೆ.
ಬಸ್ ನಿಲ್ದಾಣದ ಹಿಮವನ್ನು ನಗರವೇ ಬಾಚಬೇಕು: ಏಳಕ್ಕೆ ಎರಡು.
ಬೇಡವೆಂದ ಇಬ್ಬರಿಗೂ ಕಾರಿದೆ.
ಇದನ್ನೂ ನಾನು ಬರೆಯಲಿಲ್ಲ.

ಆಮೇಲೆ ಆ ಡಿಸೆಂಬರಿನ ಬಜೆಟ್ಟು.
ಗ್ರಂಥಾಲಯಕ್ಕೆ ಭಾನುವಾರ ಬೀಗ.
ಉಳಿದ ಹಣ ಕೊಳವೆಗೆ.
ನಾಲ್ಕು ಹೌದು, ನಾಲ್ಕು ಇಲ್ಲ,
ಕೊಸ್ಕೆಲಾ?
ಧ್ವನಿಮುದ್ರಣದಲ್ಲಿ ಒಂಬತ್ತು ಸೆಕೆಂಡು ಏನೂ ಇಲ್ಲ,
ಹೀಟರಿನ ಗುಂಯ್ ಬಿಟ್ಟರೆ.
ಆಮೇಲೆ, 'ಹೌದು'.

ನನ್ನ ತಮ್ಮ ರೂರಿಕ್, ಕಾಗದದ ಗಿರಣಿ ಮುಚ್ಚಿದ ಮೇಲೆ
ಭಾನುವಾರಗಳನ್ನು ಅಲ್ಲೇ ಕಳೆಯುತ್ತಿದ್ದ.
ಪತ್ರಿಕೆ ಓದಲು ಅನ್ನುತ್ತಿದ್ದ. ಬೆಚ್ಚಗಿರಲು, ನನಗೆ ಗೊತ್ತು.
ಈಗ ಭಾನುವಾರ ನನ್ನ ಅಡಿಗೆಮನೆಯಲ್ಲಿ ಕೂತು
ಸ್ಟೌವನ್ನು ಓದುತ್ತಾನೆ.

ಎದುರಾಳಿಯ ಕರಪತ್ರದಲ್ಲಿ ಇರುವುದು ಒಂದೇ ಸಾಲು:
'ಪುಸ್ತಕಕ್ಕೆ ಬೀಗ ಹಾಕಿದವಳು.'
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಆದರೆ ದೊಣ್ಣೆ ಹೇಳಿದ್ದು ಸುಳ್ಳಲ್ಲವಲ್ಲ.

ಶನಿವಾರ ಬಾಗಿಲು ತಟ್ಟಿದಳು.
ಟೊಪ್ಪಿಗೆಯಲ್ಲಿ, ಮೂಗು ಕೆಂಪಗೆ, ಕೈಯಲ್ಲಿ ಹೆಸರುಗಳ ಪಟ್ಟಿ.
ಮೇಜಿಲ್ಲದ ನನ್ನನ್ನು ಗುರುತಿಸಲಿಲ್ಲ.
'ನಮಸ್ಕಾರ, ನಾನು ನಿಮ್ಮ ಸದಸ್ಯೆ' ಎಂದು ಶುರುಮಾಡಿದಳು,
ಕೊಳವೆ, ಹೀಟರು, ಹಿಮ,
ಒಂದಾದ ಮೇಲೊಂದು, ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ.
'ಗ್ರಂಥಾಲಯ?' ಅಂದೆ.
ಆಗ ನೋಡಿದಳು ನನ್ನನ್ನು.
'ಹೌದು ಅಂದೆ. ನೀವೇ ಬರೆದುಕೊಂಡಿರಿ.'

ಕಾರಣ ಹೇಳುತ್ತಾಳೆಂದು ಕಾದೆ.
ಹೇಳಲಿಲ್ಲ.
'ಮತ್ತೆ ತೆರೆಯಲು ಐದು ಕೈ ಬೇಕು,' ಅಂದಳು,
'ನನ್ನದೂ ಸೇರಿ ನಾಲ್ಕಿವೆ.'
ಒಳಗಿನಿಂದ ರೂರಿಕ್ ಯಾರದು ಅಂತ ಕೂಗಿದ.
ನಾನು ಬಾಚದೆ ಬಿಟ್ಟಿದ್ದ ಮೆಟ್ಟಿಲ ಹಿಮವನ್ನು
ಬೂಟಿನಿಂದ ಪಕ್ಕಕ್ಕೆ ತಳ್ಳುತ್ತ ಇಳಿದಳು,
ಮೂರೂ ಮೆಟ್ಟಿಲು, ಪೂರ್ತಿ.

ಮಂಗಳವಾರ ಲೂಥರನ್ ಚರ್ಚಿನ ನೆಲಮಾಳಿಗೆ,
ಹಳಸಿದ ಕಾಫಿಯ ವಾಸನೆ, ಮಡಚುವ ಮೇಜು.
ಇಲ್ಲಿ ಯಾರೂ ನನ್ನ ಹೆಸರಿನ ಮುಂದೆ
ಹೌದು ಇಲ್ಲ ಬರೆದುಕೊಳ್ಳುವುದಿಲ್ಲ.
ಎರಡು ಹೆಸರು, ಪಕ್ಕದಲ್ಲಿ ಎರಡು ಖಾಲಿ ಮೊಟ್ಟೆ.
ಪೆನ್ನು ಹಿಡಿದು ನಿಂತೆ.
ನಿಂತೇ ಇದ್ದೆ.
ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.