‘ರೆ’ ಎಂಬ ಬಾಗಿಲು

ಮೊಲ್ದೆಯಲ್ಲಿ ಜನವರಿ. ಮೂರೂವರೆಗೇ ಕತ್ತಲು.
ಗುನ್ವೋರ್ ಒಂದು ವಾಕ್ಯ ಬರೆದು ಯಂತ್ರಕ್ಕೆ ಕೊಟ್ಟಳು:
ಭಾರದ್ದು ಮೊದಲು, ಹಗುರದ್ದು ಕೊನೆಗೆ,
ಹೀಗೆ ಸಾಲಾಗಿ ಬಂದರೆ ಗಾಡಿಗಳು,
ನಾವು ಹೇಳಿದ ಜಾಗದಲ್ಲಿ ನಿಂತು
ಫೆರ್ರಿ ಎರಡು ಡಿಗ್ರಿಗಿಂತ ಹೆಚ್ಚು ವಾಲದು.

ಬಂದರೆ.
ಆ ‘ರೆ’ ಇದೆಯಲ್ಲ, ಒಂದೇ ಅಕ್ಷರ,
ಬಾಗಿಲಲ್ಲಿ ಸ್ಟೂಲು ಹಾಕಿ ಕೂತಿತು.
ಯಂತ್ರ ಕಣ್ಣುಮುಚ್ಚಿ ಹುಟ್ಟಿಸುತ್ತ ಹೋಯಿತು:
ಮೀನಿನ ಲಾರಿ, ಸೈಕಲ್ಲು, ಹಾಲಿನ ಟ್ಯಾಂಕರು,
ಶವದ ವ್ಯಾನು, ಮತ್ತೆ ಮೀನಿನ ಲಾರಿ.
ಸಾಲು ತಪ್ಪಿದೆ, ನಡೆ ಆಚೆ.
ನೀನೂ ನಡೆ.

ಸಂಜೆಗೆ ಪರದೆಯ ಮೇಲೆ ಹಸಿರು:
ನೂರು ಪಾಸು.
ಕೆಳಗೆ, ಬೂದು ಬಣ್ಣದಲ್ಲಿ, ಬಿಸಾಡಿದ್ದು ಒಂಬೈನೂರ ಎಂಟು.
ಅವಳು ಏಲಕ್ಕಿ ಬನ್ನು ತಂದಳು ಎಲ್ಲರಿಗೂ.
ನಾನು ತಿನ್ನುತ್ತ ಕೇಳಿದೆ,
ಪಾಸಾದವರ ಮುಖ ನೋಡಿದೆಯಾ?

ನೋಡಿದೆವು.
ಖಾಲಿ ಫೆರ್ರಿ ನಲವತ್ತೊಂದು.
ಒಂದೇ ಕಾರು ನಡುಮಧ್ಯೆ ನಿಂತದ್ದು ಮೂವತ್ತೆಂಟು.
ಎರಡು ಗಾಡಿಯದು ಹದಿನೇಳು, ಮೂರರದು ನಾಲ್ಕು.
ಅಷ್ಟೇ.
ಯಾರೂ ಇಲ್ಲದ ಫೆರ್ರಿ ವಾಲುವುದಿಲ್ಲವೆಂದು
ನಲವತ್ತೊಂದು ಸಲ ಸಾಬೀತು ಮಾಡಿದ್ದೆವು.
ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ,
ಬರಲಿಲ್ಲ; ಮಾತೂ ಸುಳ್ಳಾಗಲಿಲ್ಲ.

ಬನ್ನು ಅರ್ಧಕ್ಕೆ ಬಿಟ್ಟು ಅವಳು
ಇನ್ನೂ ಹತ್ತು ಗಾಡಿಯಾದರೂ ಇರಲಿ ಎಂದಳು.
ಯಂತ್ರ ಬೆಳತನಕ ದುಡಿದು
ಒಂದೇ ಸಾಲು ಬರೆದಿಟ್ಟಿತ್ತು: ಕೈಬಿಟ್ಟೆ.

ಕೈಗವಸು ಒಣಗಿಸಲು ಒಳಬಂದವನು ಓಡ್‌ಮುಂಡ್,
ದಕ್ಕೆಯಲ್ಲಿ ಇಪ್ಪತ್ತಾರು ವರ್ಷ ಗಾಡಿ ಹತ್ತಿಸಿದವನು.
ನಮ್ಮ ಗೋಳು ಕೇಳಿ ಅವನಿಗೆ ಅರ್ಥವೇ ಆಗಲಿಲ್ಲ.
‘ವಾಪಸ್ ಯಾಕೆ ಕಳಿಸ್ತೀರಿ?
ಸಾಲಾಗಿ ಯಾರು ಬರ್ತಾರೆ ಲೋಕದಲ್ಲಿ?
ಬಂದವರನ್ನ ನಾನೇ ನಿಲ್ಲಿಸ್ತೀನಿ.’

ಗುನ್ವೋರ್ ‘ರೆ’ ಅಳಿಸಿದಳು.
ಹುಟ್ಟಿದ್ದನ್ನೆಲ್ಲ ಭಾರ ನೋಡಿ ಜೋಡಿಸಿ
ಆಮೇಲೆ ಒಳಗೆ ಬಿಟ್ಟಳು.
ಏಳನೆಯ ಸಲಕ್ಕೇ ಕೆಂಪು.
ಇಪ್ಪತ್ಮೂರು ಗಾಡಿಯಿಂದ ಒಂದೊಂದಾಗಿ ಕಳೆದು ಕಳೆದು
ಯಂತ್ರ ಐದಕ್ಕೆ ತಂದು ನಿಲ್ಲಿಸಿತು:
ನಾಲ್ಕನೆಯದರ ಹಿಂದೆ, ಅದೇ ಎಡಗಡೆಗೆ,
ಐದನೆಯದನ್ನೂ ಕಳಿಸುತ್ತಿತ್ತು ನಮ್ಮ ಲೆಕ್ಕ.

ಎಲ್ಲ ‘ರೆ’ಯೂ ಹೋಗಿಲ್ಲ.
ಡೆಕ್ಕಿನ ತಾಕತ್ತು ಮೀರಿದರೆ ಈಗಲೂ ಆಚೆ,
ನೂರಕ್ಕೆ ಮೂರೋ ನಾಲ್ಕೋ.
ಬೂದು ಅಂಕಿಯನ್ನು ಅವಳು ದೊಡ್ಡದು ಮಾಡಿಟ್ಟಿದ್ದಾಳೆ,
ಹಸಿರಿನಷ್ಟೇ ದೊಡ್ಡದು.

ಆ ಮೊದಲ ದಿನದ ಒಂಬೈನೂರ ಎಂಟು
ಎಲ್ಲೂ ಉಳಿದಿಲ್ಲ. ಯಾರೂ ಬರೆದಿಡಲಿಲ್ಲ.
ಅವುಗಳಲ್ಲಿ ಐದು ಗಾಡಿಯವು ಎಷ್ಟಿದ್ದವೋ.

ಐದೂಕಾಲರ ಫೆರ್ರಿ ಹೊರಟಿತು. ಕಿಟಕಿಯಿಂದ ಎಣಿಸಿದೆ:
ಹನ್ನೊಂದು ಜೊತೆ ದೀಪ, ನೆಟ್ಟಗೆ.
ಅದಿನ್ನೂ ನಮ್ಮ ಪ್ರೋಗ್ರಾಮಲ್ಲ,
ಒದ್ದೆ ಕೈಗವಸಿನ ಸನ್ನೆ.